ಆರನೆಯ ದಿನಕ್ಕೆ ಯಾರ ಹಣ?



ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಅನೇಕ ಹಳ್ಳಿಗಳಲ್ಲಿ ಈಗ ಒಂದು ಬಗೆಯ ಬೋರ್ಡು ಕಣ್ಣಿಗೆ ಬೀಳುತ್ತದೆ. ಶಾಲೆಯ ಗೋಡೆಯ ಮೇಲೆ, ಕುಡಿಯುವ ನೀರಿನ ಘಟಕದ ಮೇಲೆ, ಅಂಗನವಾಡಿಯ ಬಾಗಿಲ ಮೇಲೆ, ಬಸ್ ನಿಲ್ದಾಣದ ಕಲ್ಲುಬೆಂಚಿನ ಬೆನ್ನಿಗೆ ಕೂಡ. ‘ಇಂಥ ಕಂಪನಿಯ ಪ್ರತಿಷ್ಠಾನದ ಕೊಡುಗೆ’ ಎಂದು ಅದರಲ್ಲಿ ಬರೆದಿರುತ್ತದೆ. ಕೊಡುಗೆ ಒಳ್ಳೆಯದೇ. ಆ ಬೆಂಚಿನ ಮೇಲೆ ನಾವೇ ಕೂರುತ್ತೇವೆ, ಆ ನೀರನ್ನು ನಾವೇ ಹಿಡಿಯುತ್ತೇವೆ. ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ಪ್ರಶ್ನೆ ಬೇರೆ. ಗಂಡನ ಮನೆಯಲ್ಲಿ ಹೊಡೆಸಿಕೊಂಡು, ಕಂಕುಳಲ್ಲಿ ಒಂದು ಮಗು, ಕೈಯಲ್ಲಿ ಒಂದು ಮಗು ಹಿಡಿದು ಬೀದಿಗೆ ಬಂದ ಹೆಣ್ಣಿಗೆ ಈ ಕೊಡುಗೆಗಳ ಪಟ್ಟಿಯಲ್ಲಿ ಜಾಗ ಎಲ್ಲಿದೆ?

ಈ ಪ್ರಶ್ನೆಯನ್ನು ಕೇಳುವ ಹಕ್ಕು ನಮಗಿದೆ. ಏಕೆಂದರೆ ಇದು ಬರೀ ದಾನದ ವಿಷಯವಲ್ಲ.

ದಾನವೋ, ಕಾನೂನೋ?

ಕಂಪನಿಗಳು ಸಮಾಜಕ್ಕೆ ಹಣ ಕೊಡುವುದು ಒಂದು ಕಾಲಕ್ಕೆ ಮಾಲೀಕರ ಮನಸ್ಸಿಗೆ ಬಿಟ್ಟ ವಿಷಯವಾಗಿತ್ತು. ಕೊಟ್ಟರೆ ಪುಣ್ಯಾತ್ಮರು, ಕೊಡದಿದ್ದರೆ ಕೇಳುವವರಿಲ್ಲ. 2013ರ ಕಂಪನಿಗಳ ಕಾಯ್ದೆ ಇದನ್ನು ಬದಲಾಯಿಸಿತು. ಅದರ 135ನೆಯ ಕಲಂ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ವರ್ಷಕ್ಕೆ 5 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಿವ್ವಳ ಲಾಭ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 500 ಕೋಟಿ ನಿವ್ವಳ ಆಸ್ತಿ ಇರುವ ಕಂಪನಿ, ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ 2 ರೂಪಾಯಿಯನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಅನೇಕ ಕಂಪನಿಗಳು ಈ ಹಣವನ್ನು ತಮ್ಮದೇ ಪ್ರತಿಷ್ಠಾನಗಳ ಮೂಲಕ ಖರ್ಚು ಮಾಡುತ್ತವೆ. 2021ರಿಂದ ನಿಯಮ ಇನ್ನೂ ಬಿಗಿಯಾಗಿದೆ. ಖರ್ಚಾಗದೆ ಉಳಿದ ಹಣವನ್ನು ಕಂಪನಿ ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಮುಂದುವರಿಯುವ ಯೋಜನೆಯ ಹಣವಾದರೆ ಪ್ರತ್ಯೇಕ ಖಾತೆಗೆ, ಇಲ್ಲವಾದರೆ ಸರ್ಕಾರ ಸೂಚಿಸಿದ ನಿಧಿಗೆ ಕಟ್ಟಬೇಕು.

ಇದರಲ್ಲಿ ನಾವು ನೆನಪಿಡಬೇಕಾದ ಮಾತು ಎರಡು. ಒಂದು, ಕಂಪನಿ ತಾನು ಕೆಲಸ ಮಾಡುವ ಸ್ಥಳಕ್ಕೂ ಅದರ ಸುತ್ತಮುತ್ತಲ ಪ್ರದೇಶಕ್ಕೂ ಆದ್ಯತೆ ಕೊಡಬೇಕು ಎಂದು ಕಾಯ್ದೆಯೇ ಹೇಳುತ್ತದೆ. ನಂಜನಗೂಡು, ತಾಂಡ್ಯ, ಹಿಮ್ಮಾವು, ಅಡಕನಹಳ್ಳಿ, ಕಡಕೊಳದ ಕಾರ್ಖಾನೆಗಳ ‘ಸುತ್ತಮುತ್ತ’ ಎಂದರೆ ಯಾರು? ನಾವೇ ಅಲ್ಲವೇ? ನಮ್ಮ ಹೊಲಗಳು ಅವಕ್ಕೆ ಜಾಗವಾದವು, ನಮ್ಮ ಮಕ್ಕಳು ಪಾಳಿ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಾರೆ.

ಎರಡು, ಯಾವ ಯಾವ ಕೆಲಸಕ್ಕೆ ಹಣ ಕೊಡಬಹುದು ಎಂದು ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಪಟ್ಟಿ ಇದೆ. ಹಸಿವು, ಆರೋಗ್ಯ, ಶಿಕ್ಷಣ, ಪರಿಸರ, ಕಲೆ ಮತ್ತು ಸಂಸ್ಕೃತಿ, ವೈಜ್ಞಾನಿಕ ಸಂಶೋಧನೆ, ಗ್ರಾಮಾಭಿವೃದ್ಧಿ. ಇವುಗಳ ನಡುವೆ ಮೂರನೆಯ ಅಂಶವಾಗಿ ಲಿಂಗ ಸಮಾನತೆ, ಮಹಿಳಾ ಸಬಲೀಕರಣ, ಮಹಿಳೆಯರಿಗಾಗಿ ವಸತಿಗೃಹ ಮತ್ತು ಹಾಸ್ಟೆಲ್ ಸ್ಥಾಪನೆ ಎಂದು ಸ್ಪಷ್ಟವಾಗಿ ಬರೆದಿದೆ. ‘ಇದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲಮ್ಮ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವಕಾಶವಿದೆ. ಬಳಸುವ ಮನಸ್ಸಿಲ್ಲ, ಅಷ್ಟೆ.

2022-23ನೆಯ ಸಾಲಿನಲ್ಲಿ ದೇಶದ ಕಂಪನಿಗಳೆಲ್ಲ ಸೇರಿ ಈ ಬಾಬ್ತಿನಲ್ಲಿ ಸುಮಾರು 30 ಸಾವಿರ ಕೋಟಿ ರೂಪಾಯಿ ಖರ್ಚು ಮಾಡಿದವು. ಅದರಲ್ಲಿ ದೊಡ್ಡ ಪಾಲು ಶಿಕ್ಷಣಕ್ಕೂ ಆರೋಗ್ಯಕ್ಕೂ ಹೋಯಿತು. ಮಹಿಳೆಯರ ವಸತಿಗೃಹದ ಪಾಲಿಗೆ ಬಂದದ್ದು ಸಮುದ್ರದಲ್ಲಿ ಒಂದು ತಂಬಿಗೆ.

ಕೊಟ್ಟವರನ್ನು ಮರೆಯುವುದು ಬೇಡ

ಕೊಟ್ಟವರನ್ನೆಲ್ಲ ಬೈಯಲು ನಾನು ಕುಳಿತಿಲ್ಲ. ಒಳ್ಳೆಯದಾಗಿರುವುದನ್ನು ಒಳ್ಳೆಯದು ಎನ್ನಬೇಕು.

ನಮ್ಮ ರಾಜ್ಯದಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಇನ್ಫೋಸಿಸ್ ಪ್ರತಿಷ್ಠಾನ. 1996ರಲ್ಲಿ, ಅಂದರೆ ಕಾನೂನು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಆರಂಭವಾಯಿತು. ಸುಧಾ ಮೂರ್ತಿಯವರು 2021ರ ಕೊನೆಯವರೆಗೆ ಅದರ ಮುಖ್ಯಸ್ಥರಾಗಿದ್ದರು. ಆಸ್ಪತ್ರೆ ಕಟ್ಟಡ, ಶಾಲಾ ಗ್ರಂಥಾಲಯ, ನೆರೆ ಸಂತ್ರಸ್ತರಿಗೆ ಮನೆ, ಕಲಾವಿದರಿಗೆ ನೆರವು, ಹೀಗೆ ಹಲವು ಕೆಲಸ ಅದರ ಹೆಸರಿನಲ್ಲಿವೆ. ಉತ್ತರ ಕರ್ನಾಟಕದಲ್ಲಿ ದೇವದಾಸಿ ಪದ್ಧತಿಗೆ ಸಿಕ್ಕಿದ ಹೆಣ್ಣುಮಕ್ಕಳ ನಡುವೆ ಮಾಡಿದ ಕೆಲಸವನ್ನು ಸುಧಾ ಮೂರ್ತಿಯವರು 2017ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಇದು ನಮಗೆ ಮುಖ್ಯ. ಊರು ಮುಖ ತಿರುಗಿಸುವ ವಿಷಯಕ್ಕೂ ಪ್ರತಿಷ್ಠಾನವೊಂದು ಕೈ ಹಾಕಬಹುದು ಎಂಬುದಕ್ಕೆ ಇದು ಸಾಕ್ಷಿ.

ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2024ರಲ್ಲಿ ರಾಜ್ಯ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು ಸರ್ಕಾರಿ ಶಾಲೆ ಮಕ್ಕಳಿಗೆ ವಾರದ ಆರೂ ದಿನ ಮೊಟ್ಟೆ ಸಿಗುವಂತೆ ಮಾಡಿತು. 3 ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿಯ ಮಾತು ಅದು. ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿ ಮುಂದೆ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30 ಸಾವಿರ ರೂಪಾಯಿ ವಿದ್ಯಾರ್ಥಿವೇತನವನ್ನೂ ಅದು ಕೊಡುತ್ತದೆ. ‘ಓದಿಸಲು ದುಡ್ಡಿಲ್ಲ, ಮದುವೆ ಮಾಡಿಬಿಡೋಣ’ ಎನ್ನುವ ಅಪ್ಪಂದಿರ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ಆಯುಧ ಯಾವುದಿದೆ?

ಇನ್ನು ನಮ್ಮ ಪಕ್ಕದಲ್ಲೇ, ಮೈಸೂರು-ನಂಜನಗೂಡು ದಾರಿಯ ಬ್ಯಾತಹಳ್ಳಿಯಲ್ಲಿ ಟಿವಿಎಸ್ ಮೋಟಾರ್ ಕಾರ್ಖಾನೆ ಇದೆ. ಆ ಕಂಪನಿಯ ಸೇವಾ ಅಂಗವಾದ ಶ್ರೀನಿವಾಸನ್ ಸರ್ವೀಸಸ್ ಟ್ರಸ್ಟ್ ಕೂಡ 1996ರಲ್ಲೇ ಆರಂಭವಾದದ್ದು. ಹಳ್ಳಿಗಳಲ್ಲಿ ಮಹಿಳಾ ಸ್ವಸಹಾಯ ಸಂಘಗಳನ್ನು ಕಟ್ಟುವುದು, ಶಾಲೆ-ಅಂಗನವಾಡಿಗಳನ್ನು ಸರಿಪಡಿಸುವುದು ಅದರ ಕೆಲಸಗಳಲ್ಲಿ ಸೇರಿವೆ.

ಸಂಘ ಕಟ್ಟಿಸುವುದು ಸಣ್ಣ ಕೆಲಸವಲ್ಲ ಎಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ವಾರಕ್ಕೆ ಹತ್ತು ರೂಪಾಯಿ ಉಳಿತಾಯದಿಂದ ಶುರುಮಾಡಿದ ನಾವು ಇವತ್ತು ಬ್ಯಾಂಕ್ ಮ್ಯಾನೇಜರ ಎದುರು ಕುರ್ಚಿ ಎಳೆದುಕೊಂಡು ಕೂರುತ್ತೇವೆ. ಆದರೆ ಉಳಿತಾಯದ ಪುಸ್ತಕ ಬರೆಯುವ ಅದೇ ಸಭೆಯಲ್ಲಿ, ಸೆರಗಿನಿಂದ ಮುಖ ಮುಚ್ಚಿಕೊಂಡು ಮೂಲೆಯಲ್ಲಿ ಕೂತವಳ ಕೆನ್ನೆಯ ಬಾವನ್ನೂ ನಾವು ನೋಡುತ್ತೇವೆ.

‘ಅದು ಸೂಕ್ಷ್ಮ ವಿಷಯ’

ಒಂದು ಕಂಪನಿಯ ಪ್ರತಿಷ್ಠಾನದ ಅಧಿಕಾರಿಯೊಬ್ಬರು ನಮ್ಮ ಒಕ್ಕೂಟದ ಸಭೆಗೆ ಬಂದಿದ್ದರು. ಹೆಸರು ಬೇಡ. ಒಳ್ಳೆಯ ಮನುಷ್ಯರೇ. ಮುದ್ರಿಸಿದ ಒಂದು ಹಾಳೆ ತಂದಿದ್ದರು. ಹೊಲಿಗೆ ತರಬೇತಿ, ಫಿನಾಯಿಲ್ ತಯಾರಿಕೆ, ಉಪ್ಪಿನಕಾಯಿ, ಅಣಬೆ ಬೇಸಾಯ. ‘ಇದರಲ್ಲಿ ನಿಮಗೆ ಯಾವುದು ಬೇಕು, ಗುರುತು ಹಾಕಿ’ ಎಂದರು. ನಮ್ಮಲ್ಲಿ ಒಬ್ಬಳು ಎದ್ದು ಕೇಳಿದಳು: ‘ಸ್ವಾಮಿ, ರಾತ್ರಿ ಹೊತ್ತು ಮನೆಯಿಂದ ಹೊರಗೆ ಹಾಕಿದ ಹೆಂಗಸು ಮಕ್ಕಳ ಜೊತೆ ಬಂದು ಮಲಗೋಕೆ ಒಂದು ಮನೆ ಮಾಡಿಕೊಡ್ತೀರಾ? ಹೊಲಿಗೆ ಆಮೇಲೆ ಕಲಿಯೋಣ.’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ಸೂಕ್ಷ್ಮ ವಿಷಯ ಅಮ್ಮ. ಸಂಸಾರದ ಒಳಗಿನ ವಿಷಯ. ನಾಳೆ ಗಂಡಂದಿರು ಬಂದು ಕಂಪನಿ ಗೇಟಿನ ಮುಂದೆ ಗಲಾಟೆ ಮಾಡಿದರೆ?’ ಎಂದರು. ಪಟ್ಟಿಯಲ್ಲಿ ಹೊಲಿಗೆ ತರಬೇತಿಗೆ ಗುರುತು ಬಿತ್ತು.

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ಕೇಳಿಕೇಳಿ ನಮ್ಮ ಕಿವಿ ಸವೆದಿದೆ. ಆ ಗಾದೆಯೇ ಟೈ ಕಟ್ಟಿಕೊಂಡು ಬಂದು ‘ಸೂಕ್ಷ್ಮ ವಿಷಯ’ ಎಂದಿತು. ಉಣ್ಣುವುದಕ್ಕೇ ಬಿಡದ, ಮಲಗುವುದಕ್ಕೇ ಜಾಗ ಕೊಡದ ಜಗಳಕ್ಕೆ ಯಾವ ಗಾದೆ ಹೇಳುತ್ತೀರಿ?

ನನಗೆ ತೋರುವ ಇನ್ನೊಂದು ಕಾರಣವೂ ಇದೆ. ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ನೊಂದ ಹೆಣ್ಣಿನ ಆಶ್ರಯದ ಮನೆಗೆ ಬೋರ್ಡು ಹಾಕಲಾಗದು. ಹಾಕಿದರೆ ಹುಡುಕಿಕೊಂಡು ಬರುವ ಗಂಡನಿಗೆ ದಾರಿ ತೋರಿಸಿದಂತೆ. ಅಲ್ಲಿ ಟೇಪು ಕತ್ತರಿಸುವ ಸಮಾರಂಭವಿಲ್ಲ. ಅಲ್ಲಿರುವವರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ವಾರ್ಷಿಕ ವರದಿಯ ನುಣುಪು ಹಾಳೆಯಲ್ಲಿ ಅಚ್ಚು ಹಾಕುವಂತಿಲ್ಲ. ಹೊಲಿಗೆ ಯಂತ್ರವನ್ನು ಎಣಿಸಬಹುದು, ಶೌಚಾಲಯವನ್ನು ಎಣಿಸಬಹುದು. ಸಾಯದೆ ಉಳಿದ ಹೆಣ್ಣನ್ನು ಎಣಿಸುವುದು ಹೇಗೆ? ಆದ್ದರಿಂದ ಹಣ ಎಣಿಕೆಗೆ ಸಿಗುವ ಕಡೆಗೆ ಹರಿಯುತ್ತದೆ.

ಸುತ್ತೂರಿನ ಸೀಮೆಯಲ್ಲಿ ಹುಟ್ಟಿದ ನಮಗೆ ‘ದಾಸೋಹ’ ಎಂಬ ಮಾತು ಹೊಸದಲ್ಲ. ಕೊಡುವವನು ತಾನು ದಾತ ಎಂದುಕೊಳ್ಳದೆ ದಾಸ ಎಂದುಕೊಂಡು ಕೊಡುವುದು ದಾಸೋಹ. ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುತ್ತಾರೆ. ಬೋರ್ಡು ಹಾಕಲಾಗದ ಕೆಲಸಕ್ಕೆ ಹಣ ಕೊಡುವುದರಲ್ಲೇ ಈ ಮಾತಿನ ಪರೀಕ್ಷೆ ಇದೆ.

ಐದು ದಿನ ಮತ್ತು ಅರವತ್ತು ದಿನ

ಸರ್ಕಾರ ಇದೆಯಲ್ಲ, ಕಂಪನಿಯವರನ್ನು ಏಕೆ ಕೇಳಬೇಕು ಎನ್ನುವವರಿದ್ದಾರೆ. ಸರಿ, ಸರ್ಕಾರದ ವ್ಯವಸ್ಥೆಯನ್ನೇ ಮೊದಲು ನೋಡೋಣ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಬಂತು, 2006ರ ಅಕ್ಟೋಬರ್ 26ರಿಂದ ಜಾರಿಯಾಯಿತು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಅವರ ಮೂಲಕ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಹೊಡೆಯಬಾರದೆಂಬ ಆದೇಶ, ಮನೆಯಲ್ಲಿ ವಾಸಿಸುವ ಹಕ್ಕಿನ ಆದೇಶ, ಖರ್ಚಿನ ಹಣದ ಆದೇಶ, ಮಕ್ಕಳ ಸುಪರ್ದಿ ಎಲ್ಲವನ್ನೂ ಕೇಳಬಹುದು. ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ಆಗಬೇಕು, ಅಲ್ಲಿಂದ 60 ದಿನದೊಳಗೆ ಅರ್ಜಿ ಇತ್ಯರ್ಥ ಮಾಡಲು ನ್ಯಾಯಾಲಯ ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಕೋರ್ಟು ಮೆಟ್ಟಿಲು ಹತ್ತಿದ ಯಾರಿಗಾದರೂ ಗೊತ್ತು, 60 ದಿನ ಎಂಬುದು ಹಾಳೆಯ ಮೇಲಿನ ಮಾತು. ಆದರೂ ಹಾಳೆಯ ಮಾತನ್ನೇ ನಂಬೋಣ.

ಆ ಹೊತ್ತಿನಲ್ಲಿ ಆಕೆ ಎಲ್ಲಿರಬೇಕು? 181 ಸಹಾಯವಾಣಿ ಇದೆ. ಜಿಲ್ಲಾ ಮಟ್ಟದಲ್ಲಿ ‘ಸಖಿ’ ಒನ್ ಸ್ಟಾಪ್ ಸೆಂಟರ್ ಇದೆ. 2015ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ವೈದ್ಯಕೀಯ ನೆರವು, ಪೊಲೀಸ್ ನೆರವು, ವಕೀಲರ ಸಲಹೆ, ಆಪ್ತ ಸಮಾಲೋಚನೆ ಒಂದೇ ಸೂರಿನಡಿ ಸಿಗಬೇಕು. ತಾತ್ಕಾಲಿಕವಾಗಿ ತಂಗಬಹುದು. ಎಷ್ಟು ದಿನ? 5 ದಿನ.

ಲೆಕ್ಕ ನೋಡಿ ಗೆಳತಿಯರೇ. ಆಶ್ರಯ 5 ದಿನ, ನ್ಯಾಯ 60 ದಿನ. ಆರನೆಯ ದಿನ ಬೆಳಿಗ್ಗೆ ಅವಳು ಎಲ್ಲಿಗೆ ಹೋಗಬೇಕು?

ಹೆಚ್ಚು ದಿನ ಇರುವ ಗೃಹಗಳು ಇಲ್ಲವೆಂದಲ್ಲ. ಸರ್ಕಾರದ ‘ಶಕ್ತಿ ಸದನ’ ಯೋಜನೆ ಇದೆ. ಮೈಸೂರಿನಲ್ಲಿ ಪಾರ್ವತಮ್ಮ ರಾಜ್‌ಕುಮಾರ್ ಅವರ ಮುಂದಾಳತ್ವದಲ್ಲಿ 1990ರ ದಶಕದಲ್ಲಿ ಹುಟ್ಟಿದ ಶಕ್ತಿಧಾಮ ನೊಂದ ಹೆಣ್ಣುಮಕ್ಕಳಿಗೆ ನೆಲೆ ಕೊಟ್ಟು ಬಂದಿದೆ. ಆದರೆ ನಂಜನಗೂಡಿನ ಒಂದು ಹಳ್ಳಿಯಲ್ಲಿ ಕೂಲಿ ಮಾಡುವ, ಮಕ್ಕಳನ್ನು ಊರ ಶಾಲೆಗೆ ಕಳಿಸುವ, ನಂಜನಗೂಡಿನ ಕೋರ್ಟಿಗೇ ಹಾಜರಾಗಬೇಕಾದ ಹೆಣ್ಣು ಮೈಸೂರಿಗೆ ಹೋದರೆ ಕೂಲಿ ಹೋಯಿತು, ಮಕ್ಕಳ ಶಾಲೆ ಹೋಯಿತು. 2023ರಿಂದ ನಮಗೆ ಬಸ್ಸು ಉಚಿತವಾಗಿದೆ, ನಿಜ. ಟಿಕೆಟ್ ಇಲ್ಲದೆ ಹೋಗಬಹುದು. ಹೋಗಿ ಇಳಿಯುವ ಜಾಗವೇ ಇಲ್ಲದಿದ್ದರೆ?

ಆರನೆಯ ದಿನ ಅವಳು ತವರಿಗೆ ಹೋಗುತ್ತಾಳೆ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಎನ್ನುತ್ತದೆ ತವರು. ಇಬ್ಬರು ಹಿರಿಯರು ನಡುವೆ ಕೂತು ರಾಜಿ ಮಾಡಿಸುತ್ತಾರೆ. ಏಳನೆಯ ದಿನ ಅವಳು ಅದೇ ಮನೆಯ ಹೊಸಿಲು ದಾಟುತ್ತಾಳೆ. ಮುಂದೆ ಆಗುವುದನ್ನು ನಾವು ಪತ್ರಿಕೆಯ ಮೂಲೆಯಲ್ಲಿ ಓದುತ್ತೇವೆ.

ಈ ಅಂತರವನ್ನು ತುಂಬಲು ಎಷ್ಟು ಹಣ ಬೇಕು? ನಾವು ಕೆಲವರು ಕೂತು ಲೆಕ್ಕ ಹಾಕಿದೆವು. ತಾಲ್ಲೂಕು ಕೇಂದ್ರದಲ್ಲಿ ಒಂದು ಬಾಡಿಗೆ ಮನೆಗೆ ತಿಂಗಳಿಗೆ 10 ಸಾವಿರ. ಹಗಲು ರಾತ್ರಿ ನೋಡಿಕೊಳ್ಳಲು ಇಬ್ಬರು ಹೆಂಗಸರಿಗೆ ತಲಾ 15 ಸಾವಿರ. ಏಳೆಂಟು ಹೆಂಗಸರು, ಅವರ ಮಕ್ಕಳ ಊಟ, ಹಾಲು, ಔಷಧಿಗೆ 30 ಸಾವಿರ. ಕೋರ್ಟು, ಆಸ್ಪತ್ರೆ, ಕಾಗದಪತ್ರದ ಓಡಾಟಕ್ಕೆ 10 ಸಾವಿರ. ಒಟ್ಟು 80 ಸಾವಿರ. ವರ್ಷಕ್ಕೆ 9 ಲಕ್ಷ 60 ಸಾವಿರ.

ಈಗ ಕಾಯ್ದೆಯ ಲೆಕ್ಕ ಹಾಕಿ. ಸರಾಸರಿ 5 ಕೋಟಿ ಲಾಭವಿರುವ ಕಂಪನಿ ಕೊಡಬೇಕಾದ 2 ಭಾಗ ಎಷ್ಟು? 10 ಲಕ್ಷ. ಅಂದರೆ ಲಾಭದ ಲೆಕ್ಕದಲ್ಲಿ ಕಾಯ್ದೆಯ ಗೆರೆಯನ್ನು ಈಗಷ್ಟೇ ಮುಟ್ಟಿದ ಒಂದೇ ಒಂದು ಸಣ್ಣ ಕಂಪನಿಯ ಒಂದು ವರ್ಷದ ಪಾಲಿನಿಂದ ಇಡೀ ತಾಲ್ಲೂಕಿಗೆ ಒಂದು ಆಶ್ರಯ ಮನೆ ನಡೆಯುತ್ತದೆ. ನಂಜನಗೂಡಿನಲ್ಲಿ 1989ರಿಂದ ಇರುವ ನೆಸ್ಲೆಯಂಥ ದೊಡ್ಡ ಕಾರ್ಖಾನೆಗಳ ಮಾತು ಹಾಗಿರಲಿ. ಕೊರತೆ ಹಣದ್ದಲ್ಲ.

ಸಂಶೋಧನೆ ಯಾರ ಬದುಕಿನ ಮೇಲೆ?

ಪ್ರತಿಷ್ಠಾನಗಳು ಸಂಶೋಧನೆಗೂ ಹಣ ಕೊಡುತ್ತವೆ. ನಮ್ಮ ಮೈಸೂರು ರಾಜ್ಯಕ್ಕೆ ಇದರ ಹಳೆಯ ನೆನಪಿದೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಹುಟ್ಟಿದ್ದು ಜೆ. ಎನ್. ಟಾಟಾ ಅವರ ದತ್ತಿ ಮತ್ತು ಮೈಸೂರು ಅರಸರ ಭೂಮಿಯಿಂದ. ಅಂಥ ದತ್ತಿ ಹೆಣ್ಣಿನ ಕಷ್ಟವನ್ನೂ ಮುಟ್ಟಬಲ್ಲದು. ಟಾಟಾ ಟ್ರಸ್ಟಿನ ಹಣದಿಂದ ಮುಂಬೈಯಲ್ಲಿ 1936ರಲ್ಲಿ ಸಮಾಜಕಾರ್ಯ ಕಲಿಸುವ ಶಾಲೆಯೊಂದು ಆರಂಭವಾಯಿತು. ಅದೇ ಮುಂದೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಾಯಿತು. ಆ ಸಂಸ್ಥೆಯವರು 1984ರಲ್ಲಿ ಮುಂಬೈ ಪೊಲೀಸ್ ಕಮಿಷನರ್ ಕಚೇರಿಯಲ್ಲೇ ಮಹಿಳೆ ಮತ್ತು ಮಕ್ಕಳಿಗಾಗಿ ವಿಶೇಷ ಘಟಕ ತೆರೆದರು. ಏಟು ತಿಂದು ದೂರು ಕೊಡಲು ಬಂದ ಹೆಣ್ಣಿಗೆ ಪೊಲೀಸರ ಪಕ್ಕದಲ್ಲೇ ತರಬೇತಿ ಪಡೆದ ಸಮಾಜಕಾರ್ಯಕರ್ತೆ ಸಿಗುವಂತೆ ಮಾಡಿದರು. ಮುಂದೆ ಮಹಾರಾಷ್ಟ್ರ ಸರ್ಕಾರ ಅದನ್ನು ಇತರ ಜಿಲ್ಲೆಗಳಿಗೂ ಹಬ್ಬಿಸಿತು. ಸಂಶೋಧನೆ ಮತ್ತು ಸೇವೆ ಕೈ ಹಿಡಿದು ನಡೆದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ನಮ್ಮ ರಾಜ್ಯದಲ್ಲೇ 1990ರ ದಶಕದಲ್ಲಿ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಕೂತು, ಪೊಲೀಸ್ ದಾಖಲೆಗಳನ್ನು ತಿರುವಿ, ‘ಸ್ಟೌ ಸಿಡಿತ’, ‘ಅಡುಗೆಮನೆ ಅಪಘಾತ’ ಎಂದು ಮುಚ್ಚಿಹೋಗುತ್ತಿದ್ದ ಸಾವುಗಳನ್ನು ಬಯಲಿಗೆ ತಂದರು. ಆ ಸಂಶೋಧನೆಗೆ ಪ್ರಯೋಗಾಲಯ ಬೇಕಿರಲಿಲ್ಲ. ದಿನವೂ ಆಸ್ಪತ್ರೆಗೆ ನಡೆಯುವ ಕಾಲು, ಸಾಯುವವಳ ಮಾತು ಕೇಳುವ ಕಿವಿ ಬೇಕಿತ್ತು.

ಈಗ ಅಂಥ ಸಂಶೋಧನೆ ಬೇಕಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ, ಅಂದರೆ 2015-16ರಲ್ಲಿ, ಕರ್ನಾಟಕದ ಮದುವೆಯಾದ ಹೆಣ್ಣುಮಕ್ಕಳಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ನೂರಕ್ಕೆ ಸುಮಾರು 20. 2019-21ರ ಐದನೆಯ ಸುತ್ತಿನಲ್ಲಿ ನೂರಕ್ಕೆ 44. ದೊಡ್ಡ ರಾಜ್ಯಗಳಲ್ಲೆಲ್ಲ ಮೇಲಿನ ಸಾಲಿನಲ್ಲಿ ನಮ್ಮ ರಾಜ್ಯ. ಹಿಂಸೆ ಹೆಚ್ಚಿತೇ? ಅಥವಾ ಹೇಳುವ ಧೈರ್ಯ ಹೆಚ್ಚಿತೇ? ಕುಡಿತವೇ, ಸಾಲವೇ, ವರದಕ್ಷಿಣೆಯೇ? ನಂಜನಗೂಡಿನಲ್ಲಿ ಎಷ್ಟು, ನರಸೀಪುರದಲ್ಲಿ ಎಷ್ಟು? ಇದಕ್ಕೆ ಉತ್ತರ ಹುಡುಕುವ ಕೆಲಸಕ್ಕೆ ಹಣ ಬೇಕು. ಕಾಯ್ದೆಯ ಪಟ್ಟಿಯಲ್ಲಿ ಸಂಶೋಧನೆ ಎಂದರೆ ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ವೈದ್ಯಕೀಯ. ಹೆಣ್ಣಿನ ಮೈಮೇಲಿನ ಬಾಸುಂಡೆ ಇವುಗಳಲ್ಲಿ ಯಾವುದಕ್ಕೂ ಸೇರಲಿಲ್ಲ. ಆದರೆ ಲಿಂಗ ಸಮಾನತೆಯ ಯೋಜನೆಯ ಭಾಗವಾಗಿ ಸಮೀಕ್ಷೆ ಮಾಡಿಸಬಹುದು. ಪ್ರಶ್ನೆ ಕೇಳುವವರು ನಮ್ಮ ಸಂಘಗಳ ಹೆಣ್ಣುಮಕ್ಕಳೇ ಆಗಬಹುದು. ಪಟ್ಟಣದಿಂದ ಬಂದವರಿಗೆ ಹೇಳದ ಮಾತನ್ನು ನೆರೆಯವಳು ನಮಗೆ ಹೇಳುತ್ತಾಳೆ.

ಸಂಸ್ಕೃತಿ ಎಂದರೆ ಜಾತ್ರೆ ಮಾತ್ರವೇ?

ಸುತ್ತೂರಿನ ಜಾತ್ರೆಗೆ ಹೋಗದ ಮನೆ ನಮ್ಮ ಕಡೆ ಇಲ್ಲ. ಕಪಿಲೆಯ ದಡದಲ್ಲಿ ಆರು ದಿನ ರಥ, ತೆಪ್ಪ, ಕೃಷಿ ಮೇಳ, ಭಜನೆ, ಸೋಬಾನೆ, ಕುಸ್ತಿ. ಜೊತೆಗೆ ಸಾಮೂಹಿಕ ವಿವಾಹ. ಮಾಂಗಲ್ಯ, ಸೀರೆ, ಪಂಚೆ ಎಲ್ಲ ಮಠದ್ದೇ. ಜಾತಿ ಮೀರಿದ ಮದುವೆಗಳೂ ವಿಧವೆಯರ ಮರುಮದುವೆಗಳೂ ಅಲ್ಲಿ ನಡೆದಿವೆ. ಮದುವೆಗೆಂದು ಹೊಲ ಒತ್ತೆಯಿಡುತ್ತಿದ್ದ ಎಷ್ಟೋ ತಂದೆಯರು ಇದರಿಂದ ಉಳಿದುಕೊಂಡರು. ಕಂಪನಿಗಳ ಕಾಯ್ದೆ ಕನಸಿನಲ್ಲೂ ಇಲ್ಲದ ಕಾಲದಿಂದ ಮಠ ಅನ್ನ, ಅಕ್ಷರದ ಕೆಲಸ ಮಾಡಿದೆ. ಅದರ ಜೆಎಸ್‌ಎಸ್ ಮಹಾವಿದ್ಯಾಪೀಠ ಆರಂಭವಾದದ್ದು 1954ರಲ್ಲಿ.

ಆದರೆ ಸಾಮೂಹಿಕ ವಿವಾಹ ಛತ್ರದ ಖರ್ಚನ್ನು ಉಳಿಸಬಲ್ಲದು. ಎಲ್ಲೇ ನಡೆಯಲಿ, ಮನೆಯ ಪಡಸಾಲೆಯಲ್ಲಿ ಮೊದಲೇ ಆದ ಮಾತುಕತೆ ಮಂಟಪಕ್ಕೆ ಕೇಳಿಸುವುದಿಲ್ಲ. ನಮ್ಮ ಸಂಘಗಳ ಸಾಲದ ಪುಸ್ತಕ ತೆರೆದು ನೋಡಿ. ‘ಹಸು’, ‘ಅಂಗಡಿ’ ಎಂದು ಬರೆದ ಸಾಲದಲ್ಲಿ ಎಷ್ಟು ಮಗಳ ಮದುವೆಗೆ, ಎಷ್ಟು ಅಳಿಯನ ಬೈಕಿಗೆ ಹೋಗಿದೆ ಎಂಬುದು ನಮಗೆ ಗೊತ್ತಿಲ್ಲದ್ದೇನಲ್ಲ. 1961ರಿಂದ ವರದಕ್ಷಿಣೆ ಅಪರಾಧ. ಆದರೂ ರಾಷ್ಟ್ರೀಯ ಅಪರಾಧ ದಾಖಲೆಗಳಂತೆ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 6 ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವಿನ ಪ್ರಕರಣಗಳಾದವು. ಗಂಡ ಮತ್ತು ಅವನ ಕಡೆಯವರ ಕ್ರೌರ್ಯದ ಪ್ರಕರಣಗಳು 1 ಲಕ್ಷ 40 ಸಾವಿರ.

ಇಲ್ಲಿ ಕಂಪನಿಗಳಿಗೆ ಒಂದು ನೇರ ಪ್ರಶ್ನೆ ಇದೆ. ನಮ್ಮ ಹಳ್ಳಿಗಳಲ್ಲಿ ಗಂಡಿನ ರೇಟನ್ನು ಏರಿಸುವುದು ಯಾವುದು? ‘ಹುಡುಗನಿಗೆ ಫ್ಯಾಕ್ಟರಿಯಲ್ಲಿ ಪರ್ಮನೆಂಟ್ ಆಗಿದೆ’ ಎಂಬ ಮಾತು. ಕಂಪನಿ ಕೊಟ್ಟ ಒಂದು ಕಾಗದದಿಂದ ಅವನ ಬೆಲೆ ಲಕ್ಷಗಳಲ್ಲಿ ಏರುತ್ತದೆ. ಅತ್ತ ಪ್ರತಿಷ್ಠಾನ ಹೆಣ್ಣಿನ ತಾಯಿಗೆ ಹೊಲಿಗೆ ಯಂತ್ರ ಕೊಡುತ್ತದೆ, ಇತ್ತ ಅವಳು ಆ ಯಂತ್ರದಲ್ಲಿ ದುಡಿದು ಅದೇ ಕಾರ್ಖಾನೆಯ ಅಳಿಯನಿಗೆ ಸರ ಮಾಡಿಸುತ್ತಾಳೆ. ಇದೆಂಥ ಸಬಲೀಕರಣ? ವರದಕ್ಷಿಣೆ ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ಸರ್ಕಾರಿ ನೌಕರರ ನಡತೆ ನಿಯಮಗಳು ನಿಷೇಧಿಸುತ್ತವೆ. ಅದೇ ಮಾತನ್ನು ಕಾರ್ಖಾನೆಯ ಕೆಲಸದ ನಿಯಮದಲ್ಲಿ ಸೇರಿಸಲಿ. ಮದುವೆಯಾಗುವ ಪ್ರತಿ ನೌಕರನಿಂದ ‘ವರದಕ್ಷಿಣೆ ಪಡೆದಿಲ್ಲ’ ಎಂದು ಬರೆಸಿಕೊಳ್ಳಲಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಸಂಸ್ಕೃತಿಗೆ ಇದಕ್ಕಿಂತ ದೊಡ್ಡ ಕೊಡುಗೆಯೂ ಇಲ್ಲ.

ಹಣ ತೆಗೆದುಕೊಂಡರೆ ಬಾಯಿ ಮುಚ್ಚಬೇಕೇ?

ಚಳುವಳಿಯ ಹಿರಿಯ ಗೆಳತಿಯರು ಒಂದು ಎಚ್ಚರಿಕೆ ಹೇಳುತ್ತಾರೆ. ಕಂಪನಿಯ ಹಣ ಉಂಡ ಬಾಯಿ ನಾಳೆ ಕಾರ್ಖಾನೆಯ ಹೊಗೆಯ ಬಗ್ಗೆ, ನೀರಿನ ಬಗ್ಗೆ, ಅಲ್ಲಿ ದುಡಿಯುವ ಗುತ್ತಿಗೆ ಹೆಣ್ಣುಮಕ್ಕಳ ಕೂಲಿಯ ಬಗ್ಗೆ ಮಾತಾಡುತ್ತದೆಯೇ? ಈ ಭಯ ಸುಳ್ಳಲ್ಲ. ಹಣದ ಹಿಂದೆ ಹಗ್ಗ ಇರುತ್ತದೆ. ಸರ್ಕಾರ ತನ್ನ ಹೊಣೆ ಕಂಪನಿಗಳ ಮೇಲೆ ಹಾಕಿ ಕೈತೊಳೆದುಕೊಳ್ಳುವ ಅಪಾಯವೂ ಇದೆ. ಹಣದ ಕೊಳವೆ ಬತ್ತಿದರೆ ಕೆಲಸ ನಿಲ್ಲುತ್ತದೆ. 1989ರಲ್ಲಿ ನಮ್ಮ ಜಿಲ್ಲೆಯಲ್ಲೂ ಆರಂಭವಾಗಿ ಸಾವಿರಾರು ಹೆಣ್ಣುಮಕ್ಕಳಿಗೆ ಮಾತು ಕಲಿಸಿದ ಮಹಿಳಾ ಸಮಖ್ಯಾಕ್ಕೆ 2016ರಲ್ಲಿ ಕೇಂದ್ರದ ನೆರವು ನಿಂತಾಗ ಆದದ್ದನ್ನು ನಾವು ಕಂಡಿದ್ದೇವೆ.

ಆದರೂ ನನ್ನ ಅಭಿಪ್ರಾಯ ಇಷ್ಟು: ಆ ಹಣವನ್ನು ಉಪಕಾರವೆಂದು ತೆಗೆದುಕೊಂಡರೆ ಬಾಯಿ ಕಟ್ಟುತ್ತದೆ, ಹಕ್ಕೆಂದು ತೆಗೆದುಕೊಂಡರೆ ಕಟ್ಟುವುದಿಲ್ಲ. ಕಾನೂನು ವಿಧಿಸಿದ 2 ಭಾಗ ಯಾರ ಕರುಣೆಯೂ ಅಲ್ಲ. ಆದ್ದರಿಂದ ನಾವು ಷರತ್ತು ಹಾಕಿಯೇ ಕೇಳಬೇಕು. ಮನೆಗೆ ಬೋರ್ಡಿಲ್ಲ. ಅಲ್ಲಿರುವ ಹೆಣ್ಣಿನ ಹೆಸರು, ಫೋಟೋ, ಕಥೆ ಯಾವ ವರದಿಗೂ ಇಲ್ಲ. ಗಂಡ ಆ ಕಂಪನಿಯ ನೌಕರನೇ ಆಗಿದ್ದರೂ ಹೆಣ್ಣಿಗೆ ಬಾಗಿಲು ತೆರೆದಿರಬೇಕು. ಹಣ ಒಂದು ವರ್ಷಕ್ಕಲ್ಲ, ಕಡೇಪಕ್ಷ ಮೂರು ವರ್ಷಕ್ಕೆ ಬರೆದುಕೊಡಬೇಕು. ಲೆಕ್ಕವನ್ನು ಪೈಸೆ ಪೈಸೆ ಒಪ್ಪಿಸುತ್ತೇವೆ, ಹೆಣ್ಣನ್ನು ಒಪ್ಪಿಸುವುದಿಲ್ಲ.

ಏನು ಮಾಡಬಹುದು?

ಮೊದಲನೆಯದು, ನಿಮ್ಮ ಸುತ್ತಮುತ್ತ ಯಾವ ಕಂಪನಿಗಳಿವೆ ಎಂದು ಪಟ್ಟಿ ಮಾಡಿ. ಕಂಪನಿಯ ಸಾಮಾಜಿಕ ಹೊಣೆಯ ಸಮಿತಿಯಲ್ಲಿ ಯಾರಿದ್ದಾರೆ, ಯಾವ ಯೋಜನೆಗಳಿಗೆ ಒಪ್ಪಿಗೆ ಕೊಟ್ಟಿದ್ದಾರೆ ಎಂಬುದನ್ನು ಕಂಪನಿ ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು ಎಂಬ ನಿಯಮವಿದೆ. ಕಾಲೇಜಿಗೆ ಹೋಗುವ ಮಗಳ ಮೊಬೈಲಿನಲ್ಲಿ ಅರ್ಧ ಗಂಟೆಯ ಕೆಲಸ.

ಎರಡನೆಯದು, ಈ ಹಣ ನಮ್ಮ ಹತ್ತು-ಹದಿನೈದು ಜನರ ಸಂಘದ ಖಾತೆಗೆ ನೇರವಾಗಿ ಬರುವುದಿಲ್ಲ. ನೋಂದಣಿಯಾದ ಟ್ರಸ್ಟ್ ಅಥವಾ ಸಂಸ್ಥೆಯಾಗಿರಬೇಕು, ಆದಾಯ ತೆರಿಗೆಯ ನೋಂದಣಿ ಇರಬೇಕು, ಮೂರು ವರ್ಷದ ಕೆಲಸದ ದಾಖಲೆ ಇರಬೇಕು, 2021ರ ಏಪ್ರಿಲ್‌ನಿಂದ ಕಂಪನಿ ವ್ಯವಹಾರ ಮಂತ್ರಾಲಯದಲ್ಲಿ ಪ್ರತ್ಯೇಕ ನೋಂದಣಿ ಸಂಖ್ಯೆಯೂ ಬೇಕು. ಆದ್ದರಿಂದ ಒಕ್ಕೂಟಗಳು ಸೇರಿ, ಮಹಿಳೆಯರ ನಡುವೆ ಈಗಾಗಲೇ ಕೆಲಸ ಮಾಡುತ್ತಿರುವ ನಂಬಿಕೆಯ ಸಂಸ್ಥೆಯೊಂದನ್ನು ಜೊತೆಗಿಟ್ಟುಕೊಂಡು ಅರ್ಜಿ ಹಾಕಬೇಕು. ಮೇಲ್ವಿಚಾರಣೆ ಸಮಿತಿಯಲ್ಲಿ ಸಂಘದ ಹೆಣ್ಣುಮಕ್ಕಳಿರಬೇಕು ಎಂದು ಅರ್ಜಿಯಲ್ಲೇ ಬರೆಯಿರಿ.

ಮೂರನೆಯದು, ಕಂಪನಿಯನ್ನು ಕೇಳುತ್ತಾ ಸರ್ಕಾರವನ್ನು ಬಿಡಬೇಡಿ. ಸಂರಕ್ಷಣಾಧಿಕಾರಿಯ ಕಚೇರಿ ಎಲ್ಲಿದೆ ಎಂದು ಪ್ರತಿ ಸದಸ್ಯೆಗೂ ತಿಳಿದಿರಲಿ. ಹೆಣ್ಣುಮಕ್ಕಳಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರು ಉಚಿತ. ಅದಕ್ಕೆ ಆದಾಯದ ಮಿತಿಯಿಲ್ಲ, ಸಹಾಯವಾಣಿ ಸಂಖ್ಯೆ 15100. ನಾವು ಬಾಯಿಪಾಠ ಮಾಡಿಕೊಂಡಿದ್ದ 498ಎ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಂಗಳಾಗಿದೆ. ವರದಕ್ಷಿಣೆ ಸಾವಿನ 304ಬಿ ಈಗ 80ನೆಯ ಕಲಂ. ಠಾಣೆಯಲ್ಲಿ ‘ಆ ಕಲಂ ಈಗಿಲ್ಲಮ್ಮ’ ಎಂದರೆ ಮೋಸ ಹೋಗಬೇಡಿ. ಅಂಕಿ ಬದಲಾಗಿದೆ, ಅಪರಾಧ ಬದಲಾಗಿಲ್ಲ.

ನಾಲ್ಕನೆಯದು, ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಎದ್ದುಹೋಗಬೇಡಿ. ಒಂದು ಠರಾವು ಬರೆಯಿರಿ: ‘ನಮ್ಮ ತಾಲ್ಲೂಕಿನ ಕಂಪನಿಗಳ ಸಾಮಾಜಿಕ ಹೊಣೆಯ ಹಣದಲ್ಲಿ ನೊಂದ ಮಹಿಳೆಯರಿಗೆ ಕನಿಷ್ಠ ಅರವತ್ತು ದಿನದ ಆಶ್ರಯ ಮನೆ ಬೇಕು.’ ಎಲ್ಲರೂ ಸಹಿ ಹಾಕಿ, ಬಾರದವರು ಹೆಬ್ಬೆಟ್ಟು ಒತ್ತಿ. ಒಂದು ಪ್ರತಿ ಕಂಪನಿಗೆ, ಒಂದು ಗ್ರಾಮ ಪಂಚಾಯಿತಿಗೆ, ಒಂದು ಜಿಲ್ಲಾಧಿಕಾರಿಗಳಿಗೆ. ಒಂದು ಸಂಘದ ಪತ್ರವನ್ನು ಕಸದ ಬುಟ್ಟಿಗೆ ಹಾಕಬಹುದು. ಎರಡು ತಾಲ್ಲೂಕಿನ ನೂರಾರು ಸಂಘಗಳ ಪತ್ರ ಹಾಕಲು ಅಷ್ಟು ದೊಡ್ಡ ಬುಟ್ಟಿ ಯಾವ ಕಚೇರಿಯಲ್ಲೂ ಇಲ್ಲ.

ಠರಾವಿನ ಒಂದು ಪ್ರತಿಯನ್ನು ಈ ಪತ್ರಿಕೆಗೂ ಕಳಿಸಿ. ಯಾವ ಕಂಪನಿ ಏನೆಂದು ಉತ್ತರ ಕೊಟ್ಟಿತು ಎಂಬುದನ್ನೂ ಬರೆಯಿರಿ. ಉತ್ತರ ಬಾರದಿದ್ದರೆ ಅದನ್ನೂ ಬರೆಯಿರಿ.